ಹೊಸ್ತಿಲಾಚೆಯ ಬಾಟಲಿ

ಮೌನಿ ತನ್ನ ಹೆಂಡತಿಯ ಮಣಿಕಟ್ಟು ಮುರಿದ ದಿನ ಅವನ ಹೊಟ್ಟೆಯಲ್ಲಿ ಒಂದು ತೊಟ್ಟು ಹೆಂಡ ಇರಲಿಲ್ಲ. ಅವಳ ತಲೆಯನ್ನು ಗೋಡೆಗೆ ಕುಟ್ಟಿದ ದಿನವೂ ಇರಲಿಲ್ಲ, ಕಾದ ಇಸ್ತ್ರಿಪೆಟ್ಟಿಗೆಯನ್ನು ಅವಳ ಬೆನ್ನಿಗೆ ಎಸೆದ ದಿನವೂ ಇರಲಿಲ್ಲ. ಜನ್ಮದಲ್ಲಿ ಅವನು ಕುಡಿದವನೇ ಅಲ್ಲ. ಕಾರ್ಖಾನೆಯಲ್ಲಿ ಯಾರ ತಂಟೆಗೂ ಹೋಗದ, ಮಾತಿಗೆ ಮಾತು ಬೆಳೆಸದ ಮನುಷ್ಯ ಅಂತಲೇ ಅವನಿಗೆ ಮೌನಿ ಅನ್ನುವ ಅಡ್ಡಹೆಸರು. ಹೊಡೆಯುವಾಗಲೂ ಮೌನವೇ. ಚಿಲಕ ಹಾಕಿ, ಅಂಗಿಯ ತೋಳು ಮಡಚಿ, ಉಸಿರು ಏರದ ಹಾಗೆ ಹೊಡೆಯುತ್ತಿದ್ದ. ಆಮೇಲೆ ಕೈ ತೊಳೆದುಕೊಂಡು ಊಟಕ್ಕೆ ಕೂರುತ್ತಿದ್ದ.

ಬೀದಿಗೆಲ್ಲ ಮಾತ್ರ ಅವನು ಕುಡುಕ. ಹಾಗೆ ಮಾಡಿದವಳು ಅವನನ್ನು ಹೆತ್ತ ತಾಯಿ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಈ ಮುದುಕಿಗೆ ಮಗ ಹೆಗ್ಗಣ ಅಂತ ಒಪ್ಪಿಕೊಳ್ಳುವುದಕ್ಕೇ ಆಗಲಿಲ್ಲ. ಕಸದ ತೊಟ್ಟಿಯಿಂದ ಒಂದು ಖಾಲಿ ಬಾಟಲಿ ಆಯ್ದು ತಂದು ಒಲೆಯ ಹಿಂದೆ ಬಚ್ಚಿಟ್ಟಿದ್ದಳು, ಕತ್ತಿನ ಬಳಿ ಚಕ್ಕೆ ಎದ್ದ ಹಸಿರು ಬಾಟಲಿ. ಸೊಸೆಯ ಕಿರುಚಾಟ ಬೀದಿಗೆ ಕೇಳಿಸಿತೋ, ಅದನ್ನು ಹೊಸ್ತಿಲಾಚೆ ಇಟ್ಟು, "ಕುಡಿದು ಬಂದಿದಾನೆ ಪಾಪ, ಇಳಿದ ಮೇಲೆ ಹಸು ಇದ್ದಂಗೆ" ಎಂದು ಎದುರುಮನೆಯ ದರ್ಜಿಗೆ ಕೇಳುವಂತೆ ಹೇಳುತ್ತಿದ್ದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂದುಕೊಂಡು ದರ್ಜಿ ಹೊಲಿಗೆ ಮಿಷನ್ನನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದ. ಉಂಡು ಮಲಗಿದ ಮೇಲೂ ಪಕ್ಕೆ ನೋಯುತ್ತದೆ ಅನ್ನುವುದು ಆ ಗಾದೆ ಮಾಡಿದ ಮಹಾನುಭಾವನಿಗೆ ಗೊತ್ತಿರಲಿಲ್ಲ, ಅವನ ಬಾಯಿಗೆ ಮಣ್ಣು ಹಾಕ.

ಒಂದು ಬೆಳಿಗ್ಗೆ ಅಂಗಿ ಒಣಗಿಲ್ಲ ಅಂತ ಮೌನಿ ಹೆಂಡತಿಯ ಮುಖಕ್ಕೆ ಗುದ್ದಿ ತುಟಿ ಒಡೆದ. ಹಸಿ ಅಂಗಿಯನ್ನೇ ತೊಟ್ಟು ಕೆಲಸಕ್ಕೆ ಹೋದ. ತಾಯಿ ಎಂದಿನಂತೆ ಬಾಟಲಿ ಹೊರಗಿಟ್ಟಳು.

ಅವನದು ರಬ್ಬರ್ ಅರೆಯುವ ಯಂತ್ರದ ಕೆಲಸ. ಎರಡು ದಪ್ಪ ಕಬ್ಬಿಣದ ಉರುಳೆಗಳು ಎದುರುಬದುರಾಗಿ ತಿರುಗುತ್ತಿರುತ್ತವೆ, ನಡುವೆ ರಬ್ಬರ್ ತಳ್ಳಬೇಕು. ಎದೆಯ ಮಟ್ಟದಲ್ಲಿ ಒಂದು ಕಂಬಿ ಇದೆ, ಮೈ ತಗುಲಿದರೆ ಸಾಕು, ಯಂತ್ರ ನಿಲ್ಲಬೇಕು. ಮಾತೆತ್ತಿದರೆ ನಿಲ್ಲುತ್ತದೆ, ಕೆಲಸ ಕೆಡುತ್ತದೆ ಅಂತ ಸೂಪರ್‌ವೈಸರ್ ಅದರ ವೈರನ್ನೇ ಕೀಳಿಸಿದ್ದ. ಅವತ್ತು ಉರುಳೆ ಮೊದಲು ಹಸಿ ಅಂಗಿಯ ತೋಳನ್ನು ಹಿಡಿಯಿತು, ಆಮೇಲೆ ಬೆರಳು, ಮೊಣಕೈ, ಭುಜ. ಮೌನಿ ಎದೆಯಿಂದ ಕಂಬಿಯನ್ನು ಗುದ್ದಿದ, ಮತ್ತೆ ಮತ್ತೆ ಗುದ್ದಿದ. ಅವನು ಕಿರುಚಿದ್ದನ್ನು ಇಡೀ ಕಾರ್ಖಾನೆ ಮೊದಲ ಸಲ ಕೇಳಿತು. ಯಾರೋ ಓಡಿ ಹೋಗಿ ಮೇನ್ ಸ್ವಿಚ್ ಆರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸುದ್ದಿ ಬಂದಾಗ ಹೆಂಡತಿಗೆ ಮೊದಲು ಹೊಳೆದದ್ದು, ಇವತ್ತು ಸಂಜೆ ಏಟಿಲ್ಲ ಅಂತ. ಥೂ, ನಾನೆಂಥ ಹೆಂಗಸು ಅನ್ನಿಸಿತು. ಆಮೇಲೆ ಒಡೆದ ತುಟಿ ಕಚ್ಚಿಕೊಂಡು ಅತ್ತಳು, ಆ ಅಳುವೂ ಸುಳ್ಳಲ್ಲ.

ವಾರ ಕಳೆಯುವುದರೊಳಗೆ ಸೂಪರ್‌ವೈಸರ್ ಕಾಗದ ಹಿಡಿದುಕೊಂಡು ಮನೆಗೆ ಬಂದ.

"ಕುಡಿದು ಮಿಷನ್ ಮುಂದೆ ನಿಂತ್ರೆ ಇನ್ನೇನಮ್ಮ ಆಗತ್ತೆ? ಆದ್ರೂ ಕಂಪನಿಗೂ ಕರುಳಿದೆ. ಪರಿಹಾರ ಗಿರಿಹಾರ ಕೇಳಲ್ಲ ಅಂತ ಇದಕ್ಕೊಂದು ಸಹಿ ಹಾಕಿ. ಸ್ಕೂಲು ಬಿಡಿಸಿ ಮಗಳನ್ನ ಕಳಿಸಿ, ಅವರಪ್ಪನ ಜಾಗದಲ್ಲೇ ನಿಲ್ಲಿಸ್ಕೋತೀವಿ."

ಅವರಪ್ಪನ ಜಾಗದಲ್ಲೇ! ಮಗಳು ಬಾಗಿಲ ಬಳಿ ಪುಸ್ತಕ ಹಿಡಿದು ನಿಂತಿದ್ದಳು, ಕಡ್ಡಿಯಂಥ ಕೈಗಳು. "ಅಪ್ಪನ್ನ ನುಂಗಿದ್ದು ಸಾಲದಾ ಆ ಬಾಯಿಗೆ?" ಎಂದು ಮೌನಿಯ ಹೆಂಡತಿ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು. ಸೂಪರ್‌ವೈಸರ್ ಒಂದು ಚಪ್ಪಲಿಯನ್ನು ಅಲ್ಲೇ ಬಿಟ್ಟು ಓಡಿದ. ಅವನನ್ನು ಓಡಿಸುವುದು ಸುಲಭ, ಹೊಟ್ಟೆಯನ್ನು ಓಡಿಸುವುದು ಹೇಗೆ? ಲಾಂಡ್ರಿಯಲ್ಲಿ ಆಸ್ಪತ್ರೆಯ ಬಟ್ಟೆ ತಿಕ್ಕಿ ಅವಳಿಗೆ ಬರುವ ಕೂಲಿ ಬಾಡಿಗೆಗೇ ಸಾಲದು. ಪರಿಹಾರ ಸಿಗದಿದ್ದರೆ ಇವತ್ತಲ್ಲ ನಾಳೆ ಹುಡುಗಿ ಆ ಉರುಳೆಗಳ ಮುಂದೆ ನಿಲ್ಲಲೇಬೇಕು.

ಕೇಸು ಹಾಕಲು ಹೋದಾಗ ವಕೀಲಮ್ಮ ಬಿಡಿಸಿ ಹೇಳಿದರು. "ನೋಡಮ್ಮ, ಅವರ ತಪ್ಪಿಂದ ಸಾವಾಯ್ತು ಅಂತ ನಾವು ತೋರಿಸ್ಬೇಕು. ವೈರ್ ಕಿತ್ತಿದ್ದು ಫ್ಯಾಕ್ಟರಿ ಇನ್ಸ್‌ಪೆಕ್ಟರ್ ವರದಿಯಲ್ಲೇ ಇದೆ. ಅವನ ದುಡಿಮೆ ನಂಬಿದ್ದೋರು ನೀವು ಮೂರು ಜನ, ಅದೂ ಸರಿ. ಕುಡಿದಿದ್ದ ಅಂತ ಅವರು ಸಾಬೀತು ಮಾಡಿದ್ರೆ ಮಾತ್ರ ಎಲ್ಲಾ ಗೋತಾ. ಶವಪರೀಕ್ಷೆಯಲ್ಲಿ ಅದನ್ನ ನೋಡೇ ಇಲ್ಲ."

ಜೊತೆಯ ಕೆಲಸಗಾರರಿಗೆ ನಿಜ ಗೊತ್ತಿತ್ತು. ಕೆಲಸ ಹೋಗುವ ಭಯಕ್ಕೆ ಒಬ್ಬೊಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಕಂಪನಿಯ ಕಡೆಯ ಸಾಕ್ಷಿಯಾಗಿ ಕೋರ್ಟಿಗೆ ಬಂದವನು ದರ್ಜಿ. ಪಾಪ, ಅವನೇನು ಲಂಚ ತಿಂದಿರಲಿಲ್ಲ, ಕಂಡದ್ದನ್ನೇ ಹೇಳಿದ. "ಸತ್ತ ದಿನ ಬೆಳಿಗ್ಗೆ ಗಲಾಟೆ ಆಯ್ತು ಸ್ವಾಮಿ. ಹೊಸ್ತಿಲಾಚೆ ಬಾಟ್ಲಿ ಇತ್ತು. ಕುಡಿದಿದಾನೆ ಅಂತ ಅವನ ತಾಯೀನೇ ಅಂದ್ರು."

ಹೆಂಡತಿ ಕಟಕಟೆ ಹತ್ತಿ, ನನ್ನ ಗಂಡ ಕುಡಿಯುತ್ತಿರಲಿಲ್ಲ ಎಂದಳು. ಕಂಪನಿಯ ವಕೀಲ ಅವಳ ಸೊಟ್ಟ ಮಣಿಕಟ್ಟನ್ನು ನೋಡಿ ನಕ್ಕ.

"ಮತ್ತೆ ಈ ಕೈ ಮುರಿದದ್ದು?"

"ಅವರೇ."

"ಅಷ್ಟು ಹೊಡೀತಿದ್ದವನು ಸತ್ತ. ನಿನಗೆ ಲಾಭ ಆಯ್ತಾ, ನಷ್ಟ ಆಯ್ತಾ? ಹೆತ್ತ ತಾಯಿ ಊರಿಗೆಲ್ಲ ಹೇಳಿದ್ದು ಸುಳ್ಳು, ದುಡ್ಡಿಗೋಸ್ಕರ ನೀನು ಹೇಳೋದು ನಿಜ, ಅಲ್ವಾ?"

ಗಂಡನ ಏಟಿಗಿಂತ ಈ ಏಟು ಬಲವಾಗಿ ಬಿತ್ತು.

ಮನೆಗೆ ಬಂದವಳೇ ಅತ್ತೆಯ ಕಾಲು ಹಿಡಿದಳು. "ಅತ್ತೆ, ನಿಜ ನೀವು ಹೇಳಿದ್ರೇ ನಂಬೋದು. ಒಂದ್ಸಲ ಬಂದು ಹೇಳಿ."

"ಏನಂತ ಹೇಳ್ಲಿ? ನನ್ನ ಮಗ ನೆಟ್ಟಗಿದ್ಕೊಂಡೇ ಹೆಂಡ್ತೀನ ಬಡೀತಿದ್ದ ಅಂತಲಾ? ಸತ್ತ ಮಗನ್ನ ರಾಕ್ಷಸ ಮಾಡಿ ಉಣ್ಬೇಕಾ ನಾನು? ಹೆಂಡ ಹೊಡೀತಿತ್ತು ಕಣೇ, ಅವನಲ್ಲ!"

ಹೇಳೀ ಹೇಳೀ ಮುದುಕಿ ತನ್ನ ಸುಳ್ಳನ್ನು ತಾನೇ ನಂಬಿಬಿಟ್ಟಿದ್ದಳು. ಆಗ ಸೊಸೆಗೆ ಏನಾಯಿತೋ, ವರ್ಷಗಟ್ಟಲೆ ಒಳಗೆ ಕೊಳೆತದ್ದೆಲ್ಲ ಕೈಗೆ ಬಂತು. ಚಿಲಕ ಹಾಕಿದಳು. ಅತ್ತೆಯ ಜುಟ್ಟು ಹಿಡಿದು ಎಬ್ಬಿಸಿ ಗೋಡೆಗೆ ಒತ್ತಿದಳು, ಮಣಿಕಟ್ಟು ಹಿಡಿದು ಹಿಂದಕ್ಕೆ ತಿರುಚಿದಳು.

"ಹೀಗೆ ಹಿಡೀತಿದ್ದ. ಆಮೇಲೆ ಹೀಗೆ. ಹೆಂಡದ ವಾಸನೆ ಬರ್ತಿದೆಯಾ ಅತ್ತೆ? ನನ್ನ ಬಾಯಿ ಮೂಸಿ ನೋಡಿ, ಬರ್ತಿದೆಯಾ?"

"ಅಯ್ಯೋ, ಸತ್ತೆ! ಬಿಡೇ!" ಮುದುಕಿ ಬೀದಿಗೆ ಕೇಳುವಂತೆ ಅರಚಿದಳು. ಇನ್ನು ಕೂದಲೆಳೆಯಷ್ಟು ತಿರುಚಿದ್ದರೆ ಮೂಳೆ ಮುರಿಯುತ್ತಿತ್ತು. ಸೊಸೆಗೆ ಅದು ಗೊತ್ತಿತ್ತು, ನಿಲ್ಲಿಸುವ ಮನಸ್ಸಿರಲಿಲ್ಲ.

ಮೂಲೆಯಲ್ಲಿ ಓದುತ್ತಿದ್ದ ಮಗಳು ಎದ್ದಳು. ಅಳಲಿಲ್ಲ, ಬಿಡಿಸಲೂ ಬರಲಿಲ್ಲ. ಒಲೆಯ ಹಿಂದೆ ಕೈ ಹಾಕಿ ಹಸಿರು ಬಾಟಲಿ ತೆಗೆದಳು, ಚಿಲಕ ಸರಿಸಿದಳು, ಬಾಟಲಿಯನ್ನು ಹೊಸ್ತಿಲಾಚೆ ಇಟ್ಟಳು.

"ಏನಿಲ್ಲ ಮಾಮ," ಎಂದಳು ಎದುರುಮನೆಯ ಕಡೆಗೆ. "ಅಮ್ಮ ಕುಡಿದಿದಾಳೆ."

ಮತ್ತೆ ಬಾಗಿಲು ಹಾಕಿಕೊಂಡು ಬಂದು ಪುಸ್ತಕ ಎತ್ತಿಕೊಂಡಳು.

ಸೊಸೆಯ ಕೈ ತಾನಾಗಿ ಸಡಿಲಿತು. ತನ್ನ ಕೈಯನ್ನೇ ನೋಡಿಕೊಂಡು ಅಲ್ಲೇ ಕೂತಳು. ಮುದುಕಿ ಮೊಮ್ಮಗಳನ್ನು ಬಾಯಿ ತೆರೆದು ನೋಡಿದಳು. ನಾಳೆ ಈ ಹುಡುಗಿಗೊಬ್ಬ ಗಂಡ ಬರುತ್ತಾನೆ, ಅವನು ಹೊಡೆದರೆ ಇವಳೇ ಹೋಗಿ ಬಾಟಲಿ ಇಟ್ಟು ಬರುತ್ತಾಳೆ. ಕಲಿಸಿದ ಗುರು ಯಾರು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮುಂದಿನ ವಿಚಾರಣೆಗೆ ಮುದುಕಿ ಬಂದಳು, ಊದಿದ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು, ಕಂಕುಳಲ್ಲಿ ಒಂದು ಚೀಲ ಇಟ್ಟುಕೊಂಡು. ಕಂಪನಿಯ ವಕೀಲನ ದನಿ ಬೆಣ್ಣೆಯಾಯಿತು.

"ಅಮ್ಮಾ, ಮಗ ಕುಡೀತಾನೆ ಅಂತ ನೀವೇ ಹೇಳ್ತಿದ್ರಿ, ಅಲ್ವಾ?"

"ಹೇಳ್ತಿದ್ದೆ."

"ಅವತ್ತು ಬಾಟ್ಲಿ ಇತ್ತು, ಅಲ್ವಾ?"

"ಇತ್ತು. ಇಟ್ಟೋಳು ನಾನು." ಚೀಲದಿಂದ ಹಸಿರು ಬಾಟಲಿ ತೆಗೆದು ಕಟಕಟೆಯ ಮೇಲೆ ಇಟ್ಟಳು. "ಇಷ್ಟು ವರ್ಷವೂ ಇದೊಂದೇ ಬಾಟ್ಲಿ. ಕತ್ತಿನ ಚಕ್ಕೆ ನೋಡಿ ದರ್ಜಿಯಪ್ಪ ಹೇಳ್ಲಿ."

ದರ್ಜಿ ಎದ್ದು ನೋಡಿದ. ಹೌದು, ಎಂದ. ಅವನ ಮುಖ ಸುಟ್ಟ ಬದನೆಕಾಯಿಯಾಗಿತ್ತು.

ನ್ಯಾಯಾಧೀಶರು ಮುಂದಕ್ಕೆ ಬಾಗಿದರು. "ಮಗ ಕುಡೀದೇ ಇದ್ರೆ ಕುಡುಕ ಅಂತ ಯಾಕಮ್ಮ ಹೇಳಿದ್ರಿ?"

ಮುದುಕಿ ಸೊಸೆಯ ಕಡೆ ನೋಡಲಿಲ್ಲ. ಬೆಂಚಿನ ತುದಿಯಲ್ಲಿ ಕೂತಿದ್ದ ಮೊಮ್ಮಗಳನ್ನು ನೋಡಿದಳು.

"ಕುಡಿದು ಹೊಡೀತಾನೆ ಅಂದ್ರೆ ಹೊಡೆದಿದ್ದು ಹೆಂಡ ಆಗತ್ತೆ ಸ್ವಾಮಿ. ಕುಡೀದೆ ಹೊಡೀತಾನೆ ಅಂದ್ರೆ ಹೊಡೆದಿದ್ದು ನನ್ನ ಮಗ. ಅವತ್ತು ಬೆಳಿಗ್ಗೆ ಹೊಡೆದೋನು ನನ್ನ ಮಗ. ಆ ಮಿಷನ್ ಕೊಂದಿದ್ದೂ ನನ್ನ ಮಗನ್ನೇ. ಎರಡೂ ಬರ್ಕೊಳ್ಳಿ."

ತೀರ್ಪು ಅತ್ತೆ ಸೊಸೆಯರ ಕಡೆಗೇ ಆಯಿತು. ಉರುಳೆಗಳ ಕಂಬಿಗೆ ಮತ್ತೆ ವೈರು ಬಂತು, ಹುಡುಗಿ ಸ್ಕೂಲು ಬಿಡಲಿಲ್ಲ. ಆದರೆ ಅದೆಲ್ಲ ಆಮೇಲಿನ ಮಾತು. ಅವತ್ತು ಕೋರ್ಟಿನ ಹೊರಗಿನ ಮೆಟ್ಟಿಲಲ್ಲಿ ಮುದುಕಿ ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಸೊಸೆ ಪಕ್ಕದಲ್ಲಿ ಕೂತು, "ತಪ್ಪಾಯ್ತು ಅತ್ತೆ, ನಾನು ಹಾಗೆ ಮಾಡಬಾರದಿತ್ತು" ಎಂದಳು. ಮುದುಕಿ ಸೊಸೆಯ ಸೊಟ್ಟ ಮಣಿಕಟ್ಟನ್ನು ತನ್ನ ಒಳ್ಳೆಯ ಕೈಯಿಂದ ಎತ್ತಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಇಷ್ಟು ನೋಯತ್ತೇನೇ ಇದು?" ಎಂದಳು.