ಮಂಜಿಗೆ ಮರೆವು ಬಂದ ವಾರ

ಡರ್ವೆಂಟ್ ನದಿಯ ಮಂಜಿಗೆ ಆ ದಡದವರು ಜೆರ್ರಿ ಎಂದು ಹೆಸರಿಟ್ಟಿದ್ದಾರೆ. ಚಳಿಗಾಲದ ಬೆಳಗ್ಗೆ ಜೆರ್ರಿ ಬ್ರಿಜ್‌ವಾಟರ್ ಸೇತುವೆಯಡಿಯಿಂದ ನುಸುಳಿ, ನೀರಿನ ಮೇಲೆ ಮೈಚಾಚಿ, ಹೋಬಾರ್ಟ್ ಪಟ್ಟಣದ ಕಡೆಗೆ ನಿಧಾನಕ್ಕೆ ಹೊರಡುತ್ತಾನೆ. ಅವನಿಗೆ ಯಾವ ಅವಸರವೂ ಇಲ್ಲ. ಅವಸರವೆಲ್ಲ ಆ ಸೋಮವಾರ ದಡದ ಮೇಲಿನ ತಗಡಿನ ಶೆಡ್ಡಿನೊಳಗೆ, ಹೆಸ್ಟರ್ ಪೈಬಸ್ ಎಂಬ ಹೆಂಗಸಿನ ತಲೆಯೊಳಗೆ ಸೇರಿಕೊಂಡಿತ್ತು.

ಹಿಂದೆ ಸೇಬಿನ ಪೆಟ್ಟಿಗೆ ತುಂಬುತ್ತಿದ್ದ ಆ ಶೆಡ್ಡಿನಲ್ಲಿ ಐದು ವರ್ಷದಿಂದ ಮೂವರು ಸೇರಿ ಒಂದು ಗೇಮ್ ಮಾಡುತ್ತಿದ್ದರು. ಕಥೆ ಮತ್ತು ಚಿತ್ರ ಕಾರ್ಮೆಲ್‌ಳದು. ಅರವತ್ತು ದಾಟಿದವಳು, ಕಂಪ್ಯೂಟರ್ ಮುಟ್ಟುವ ಮೊದಲು ಜಲವರ್ಣದಲ್ಲಿ ಈ ನದಿಯನ್ನೇ ಬರೆದು ಬರೆದು ಸವೆದವಳು. ಆ ಚಿತ್ರಗಳನ್ನು ಯಂತ್ರದ ಚಿಪ್ಪಿಗೆ ತಿಳಿಯುವ ಮಾತಿನಲ್ಲಿ ಬರೆಯುವವಳು ಹೆಸ್ಟರ್. ಆಡಿ ಆಡಿ ತಪ್ಪು ಹುಡುಕುವವನು ಟೇವಿತಾ. ಟೋಂಗಾ ಕಡೆಯವನು, ಮೂರು ಮಕ್ಕಳ ತಂದೆ, ನಗು ಮೊದಲು ಬಂದು ಮಾತು ಆಮೇಲೆ ಬರುವ ಜಾತಿಯವನು.

ಗೇಮಿನ ಕಥೆ ಇಷ್ಟೇ. ದೋಣಿ ನಡೆಸುವ ಒಬ್ಬ ತಾಯಿ ಮಂಜಿನಲ್ಲಿ ಹೊರಟು ಹಿಂದಿರುಗುವುದಿಲ್ಲ. ಮಗಳು ಇನ್ನೊಂದು ದೋಣಿ ಹತ್ತಿ ಹುಡುಕುತ್ತಾಳೆ. ತಾಯಿ ಹಾದುಹೋದಲ್ಲಿ ಮಂಜು ಅವಳ ಗುರುತನ್ನು ಕೊಂಚ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ: ಲಾಟೀನಿನ ಬೆಳಕು ಕಲಸಿದಂತೆ ಒಂದು ಗೆರೆ, ಒಮ್ಮೊಮ್ಮೆ ಬಾಗಿದ ಭುಜ. ಅದು ಕರಗುವ ಮೊದಲು ಬೆನ್ನುಹತ್ತಬೇಕು. ಕಾರ್ಮೆಲ್‌ಳ ತಾಯಿ, ಮಗಳಿಗೆ ಹನ್ನೊಂದು ವರ್ಷವಾಗಿದ್ದಾಗ, ಇದೇ ಜೆರ್ರಿಯಲ್ಲಿ ದೋಣಿಯ ಹುಟ್ಟು ಹಾಕುತ್ತ ಹೋದವಳು. ದೋಣಿ ಸಿಕ್ಕಿತು, ಅವಳು ಸಿಗಲಿಲ್ಲ. ದಡದವರಿಗೆಲ್ಲ ಗೊತ್ತಿರುವ ಈ ಮಾತನ್ನು ಶೆಡ್ಡಿನಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಆ ಗುರುತು ಹಿಡಿಯುವ ಮಂಜು ಮೊದಲ ಸಲ ತೆರೆಯ ಮೇಲೆ ಕಂಡ ದಿನ ಕಾರ್ಮೆಲ್ ಚಹಾದ ಮಗ್ಗು ಹಿಡಿದು ನಿಂತವಳು ನಿಂತೇ ಇದ್ದಳು. "ಇದನ್ನ ಹೆಂಗೆ ಮಾಡ್ದೆ?" ಎಂದು ಕೇಳಿದ್ದಳು. ಹೆಸ್ಟರ್ ಭುಜ ಕುಣಿಸಿದ್ದಳು. ಅದನ್ನು ವಿನಯವೆಂದುಕೊಂಡ ಕಾರ್ಮೆಲ್ ಅಲ್ಲಿಯವರೆಗೆ ಬರೆದಿದ್ದ ದೀಪಸ್ತಂಭದ ಕಥೆಯನ್ನು ಬುಟ್ಟಿಗೆ ಹಾಕಿ, ತಾಯಿಯ ಕಥೆಯನ್ನು ಬರೆಯತೊಡಗಿದಳು. ನಿಜ ಏನೆಂದರೆ ಹೆಸ್ಟರ್‌ಗೂ ಗೊತ್ತಿರಲಿಲ್ಲ. ಅವಳು ಬರೆದದ್ದು ಸಾದಾ ಮಂಜು. ಗುರುತು ತಾನಾಗಿಯೇ ಬಂದಿತ್ತು. ಹೊಗಳಿಕೆ ಯಾರಿಗೆ ಕಹಿ? ಅವಳು ಸುಮ್ಮನಾದಳು. ಐದು ವರ್ಷ ಸುಮ್ಮನಾದಳು.

ಇಷ್ಟೂ ದಿನ ಅವರು ಆಡಿದ್ದು ದೊಡ್ಡ ಕಂಪ್ಯೂಟರಿನಲ್ಲಿ. ಗೇಮ್ ಹೊರಬರಬೇಕಾದದ್ದು ಕೈಯಲ್ಲಿ ಹಿಡಿದಾಡುವ ಪುಟ್ಟ ಯಂತ್ರದಲ್ಲಿ. ಆ ಯಂತ್ರ ತಡವಾಗಿ ಕೈಸೇರಿತ್ತು, ಶುಕ್ರವಾರ ಗೇಮನ್ನು ಯಂತ್ರದ ಕಂಪನಿಯವರ ಪರೀಕ್ಷೆಗೆ ಕಳಿಸಬೇಕಿತ್ತು. ಸೋಮವಾರ ಬೆಳಗ್ಗೆ ಟೇವಿತಾ ಅದನ್ನು ಹಿಡಿದು ಹೆಸ್ಟರ್‌ಳ ಮೇಜಿನ ಹತ್ತಿರ ಬಂದ. ಆ ದಿನ ಅವನ ನಗು ಬರಲಿಲ್ಲ.

"ಆಂಟಿ, ಮಂಜು ಸತ್ತೋಗಿದೆ."

"ಏನು ಹಂಗಂದ್ರೆ?"

"ಬಿಳೀ ಬಟ್ಟೆ ಒಣಗಾಕ್ದಂಗೆ ಇದೆ ಅಷ್ಟೆ. ಅಮ್ಮನ ಗುರುತೇ ಇಲ್ಲ. ಒಂದು ಗಂಟೆಯಿಂದ ಗಾಣದೆತ್ತಿನಂಗೆ ಸುತ್ತುತಾ ಇದೀನಿ, ಯಾರ ಹಿಂದೆ ಹೋಗ್ಲಿ?"

ಗುರುತಿಲ್ಲದಿದ್ದರೆ ಹಿಂಬಾಲಿಸುವುದಿಲ್ಲ, ಹಿಂಬಾಲಿಸದಿದ್ದರೆ ಗೇಮೇ ಇಲ್ಲ. ಹೆಸ್ಟರ್ ಎರಡು ದಿನ ತನ್ನದೇ ಕೋಡಿನೊಳಗೆ ಅಲೆದಳು. ಸಾವಿರಾರು ಸಾಲು, ಒಂದೊಂದೂ ತನ್ನ ಕೈಬರಹ, ಒಂದೊಂದೂ ಅಪರಿಚಿತ. ಕಿಟಕಿಯಾಚೆ ಜೆರ್ರಿ ಬರುತ್ತಿದ್ದ, ಹೋಗುತ್ತಿದ್ದ. ಹೊರಗಿನ ಬಿಳಿ ಯಾವುದು, ತೆರೆಯ ಬಿಳಿ ಯಾವುದು ಎಂದು ಕಣ್ಣಿಗೇ ಗೊಂದಲವಾಗಿ, ಒಮ್ಮೆ ಗಾಜಿನಾಚೆ ಹೋದ ಬಾತುಕೋಳಿಯನ್ನು ಮೌಸಿನಿಂದ ಹಿಡಿಯಲು ಹೋದಳು.

ಬುಧವಾರ ಮಧ್ಯಾಹ್ನ ಸಿಕ್ಕಿತು. ಒಂದೇ ಸಾಲು.

ಮಂಜೆಂದರೆ ಇಡೀ ನದಿಯ ಮೇಲೆ ಹಾಸಿದ ಒಂದು ಹಾಳೆ. ಸೆಕೆಂಡಿಗೆ ಅರವತ್ತು ಸಲ ಚಿಪ್ ಅದರ ಮೇಲೆ ಬರೆಯಬೇಕು. ಬರೆಯುವ ಮೊದಲು ಹಾಳೆಯಲ್ಲಿ ಇದ್ದದ್ದನ್ನು ಏನು ಮಾಡಲಿ ಎಂದು ಚಿಪ್ ಕೇಳುತ್ತದೆ. ಮೂರು ಉತ್ತರಗಳಿವೆ: ಒರೆಸು, ಉಳಿಸಿಕೋ, ಏನಾದರೂ ಮಾಡಿಕೋ. ಒರೆಸು ಎನ್ನಬೇಕಿದ್ದ ಹೆಸ್ಟರ್ ಐದು ವರ್ಷದ ಹಿಂದೆ ಯಾವುದೋ ಧ್ಯಾನದಲ್ಲಿ ಮೂರನೆಯದನ್ನು ಬರೆದಿದ್ದಳು. ಅವರ ದೊಡ್ಡ ಕಂಪ್ಯೂಟರಿನ ಚಿಪ್ ಒರೆಸುವ ಗೋಜಿಗೆ ಹೋಗದೆ ಹಳೆಯದರ ಮೇಲೆಯೇ ತೆಳ್ಳಗೆ ಹೊಸದನ್ನು ಬಳಿಯುತ್ತ ಬಂದಿತ್ತು. ಕಾರ್ಮೆಲ್ ಮಗ್ಗು ಹಿಡಿದು ನಿಂತುಬಿಟ್ಟದ್ದು ಆ ಸೋಮಾರಿತನಕ್ಕೆ. ಪುಟ್ಟ ಯಂತ್ರದ ಚಿಪ್ ಶಿಸ್ತಿನದು. ಬೇಕೆಂದು ಹೇಳದ್ದನ್ನು ಅದು ಎಸೆದುಬಿಡುತ್ತಿತ್ತು.

ಹೆಸ್ಟರ್‌ಗೆ ನಾಚಿಕೆಯಾಯಿತು. ಮೈಯೆಲ್ಲ ಬಿಸಿಯಾಗುವಂಥ ನಾಚಿಕೆ. ಮರುದಿನ ಬೆಳಗ್ಗೆ ಕಾರ್ಮೆಲ್ ಎಂದಿನಂತೆ ಶೆಡ್ಡಿನ ಹಿಂದಿನ ಮರದ ಕಟ್ಟೆಯ ಮೇಲೆ, ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದಳು. ಮಂಜಿನಲ್ಲಿ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಹೆಸ್ಟರ್ ಹೋಗಿ ಪಕ್ಕದಲ್ಲಿ ಕೂತು, ಮುಖ ನೋಡದೆ, ಎಲ್ಲವನ್ನೂ ಒದರಿದಳು.

"ಅದು ನನ್ನ ಕೈಚಳಕ ಅಲ್ಲ ಕಣೇ ಕಾರ್ಮೆಲ್. ತಪ್ಪು. ಒರೆಸು ಅನ್ನೋದು ಬಿಟ್ಟು, ಏನಾದ್ರೂ ಮಾಡ್ಕೋ, ನಂಗೇನು ಅಂತ ಬರೆದಿದ್ದೆ. ಐದು ವರ್ಷ ನಿನ್ನ ಹತ್ರ ಸುಮ್ನೆ ಹೊಗಳಿಸ್ಕೊಂಡೆ."

ಎಲ್ಲೋ ಒಂದು ಹುಟ್ಟು ನೀರಿಗೆ ಬಿದ್ದ ಸದ್ದು. ದೋಣಿ ಕಾಣಲಿಲ್ಲ.

"ಹಂಗಾದ್ರೆ ನಾನು ಬರೆದಿದ್ದೆಲ್ಲಾ ಒಂದು ತಪ್ಪಿನ ಮೇಲೆ."

"ಹೂಂ."

"ಭುಜ ಬೇರೆ ಕುಣಿಸ್ದೆ ನೀನು, ದೊಡ್ಡ ಕಲಾವಿದೆ ಥರ." ಕಾರ್ಮೆಲ್‌ಳ ದನಿಯಲ್ಲಿದ್ದದ್ದು ಸಿಟ್ಟೋ ನಗುವೋ ತಿಳಿಯಲಿಲ್ಲ. "ಈಗ ಉಳಿಸ್ಕೋ ಅಂತ ಹೇಳಕ್ಕಾಗುತ್ತಾ ಅದಕ್ಕೆ? ಅಷ್ಟು ಹೇಳು."

"ಹೇಳ್ಬಹುದು. ಆದ್ರೆ ಅದಕ್ಕೆ ಭಾರ ಆಗುತ್ತೆ."

ಭಾರವಾಗಿಯೇ ಆಯಿತು. ಪುಟ್ಟ ಚಿಪ್ ಹಾಳೆಯನ್ನು ಒಮ್ಮೆಗೇ ಹಿಡಿಯಲಾರದು, ತುಂಡು ತುಂಡಾಗಿ ಎತ್ತಿಕೊಂಡು ಬರೆಯುತ್ತದೆ. ಹಳೆಯದನ್ನೂ ಉಳಿಸಿಕೋ ಎಂದರೆ ಪ್ರತಿ ತುಂಡಿಗೂ ದೂರದ ನೆನಪಿನ ಉಗ್ರಾಣಕ್ಕೆ ಹೋಗಿಬರಬೇಕು. ಗುರುತೇನೋ ಮರಳಿತು, ದೋಣಿ ಮಾತ್ರ ಕುಂಟತೊಡಗಿತು. ಸೆಕೆಂಡಿಗೆ ಅರವತ್ತು ಚಿತ್ರ ಮೂಡಬೇಕಾದಲ್ಲಿ ನಲವತ್ತೊಂದು.

"ಬಿಕ್ಕಳಿಕೆ ಬಂದಿದೆ ಇದಕ್ಕೆ. ನೀರು ಕುಡಿಸು ಆಂಟಿ," ಎಂದ ಟೇವಿತಾ.

"ಬಾಯ್ಮುಚ್ಕೊಂಡು ಆಡು ಮಾರಾಯ."

ನೀರು ಕುಡಿಸಲಾಗದ್ದಕ್ಕೆ ಹೆಸ್ಟರ್ ಹಾಳೆಯನ್ನೇ ತೆಳುಮಾಡಿದಳು. ದಶಾಂಶದವರೆಗೆ ನೆನಪಿಡುವ ದುಬಾರಿ ಹಾಳೆ ತೆಗೆದು, ಪೂರ್ಣ ಅಂಕಿ ಬಿಟ್ಟು ಬೇರೇನೂ ತಿಳಿಯದ ಒರಟು ಹಾಳೆ ಹಾಸಿದಳು. ಹೊರುವ ಭಾರ ಅರ್ಧವಾಯಿತು. ಸಂಜೆಯ ಹೊತ್ತಿಗೆ ದೋಣಿ ಅರವತ್ತರಲ್ಲಿ ಜಾರುತ್ತಿತ್ತು. ಮಂಜಿನೊಳಗೆ ತಾಯಿಯ ಲಾಟೀನು ತೂಗುತ್ತ ಹೋಗುತ್ತಿತ್ತು, ಅದರ ಹಿಂದೆ ಬೆಳಕಿನ ಗೆರೆ, ಬಾಗಿದ ಭುಜ. ಟೇವಿತಾ ಕುರ್ಚಿಯಲ್ಲೇ ಕುಣಿದ. ಹೆಸ್ಟರ್ ಕುಣಿಯಲಿಲ್ಲ. ಅವಳಿಗೆ ಆಗಲೇ ಇನ್ನೊಂದು ತೊಡಕು ಕಂಡಿತ್ತು.

ಗುರುತು ಪೂರ್ತಿ ಅಳಿಯುತ್ತಿರಲಿಲ್ಲ.

ಪ್ರತಿ ಸಲ ಅದು ಐವತ್ತರಲ್ಲೊಂದು ಪಾಲು ಸವೆಯಬೇಕು. ಹೊಳಪಿನ ಅಂಕಿ ಇನ್ನೂರರಿಂದ ನೂರು, ನೂರರಿಂದ ಐವತ್ತು, ಅಲ್ಲಿಯವರೆಗೆ ತೊಂದರೆಯಿಲ್ಲ. ಇಪ್ಪತ್ತನಾಲ್ಕಕ್ಕೆ ಇಳಿದಾಗ ಕಳೆಯಬೇಕಾದದ್ದು ಅರ್ಧಕ್ಕಿಂತ ಕಡಿಮೆ. ಒರಟು ಹಾಳೆಗೆ ಆ ಚೂರು ತಿಳಿಯುವುದಿಲ್ಲ. ಇಪ್ಪತ್ತನಾಲ್ಕನ್ನು ಇಪ್ಪತ್ತನಾಲ್ಕೆಂದೇ ಮತ್ತೆ ಬರೆದುಕೊಳ್ಳುತ್ತದೆ. ಆಮೇಲೆ ಸಾವಿರ ಸಲ ಸವೆಸಿದರೂ ಅಷ್ಟೇ. ತಾಯಿ ಹೋದ ದಾರಿಯಲ್ಲೆಲ್ಲ ಉಸಿರು ತಾಗಿದ ಗಾಜಿನಂಥ ಒಂದು ಕಲೆ ಉಳಿದುಬಿಡುತ್ತಿತ್ತು.

ಕಾರ್ಮೆಲ್ ಬರೆದ ಕೊನೆಯ ದೃಶ್ಯ ಇದನ್ನು ಒಪ್ಪುವಂಥದ್ದಲ್ಲ. ಅಲ್ಲಿ ತಾಯಿಯ ಗುರುತು ಪೂರ್ತಿ ಕರಗಿ, ನದಿ ಬರಿದಾಗಿ, ಹಿಂಬಾಲಿಸಲು ಏನೂ ಉಳಿಯದಾದಾಗ ಮಗಳು ದೋಣಿ ತಿರುಗಿಸಿ ಮನೆಗೆ ಹೋಗುತ್ತಾಳೆ. ಕಾರ್ಮೆಲ್ ಈ ದೃಶ್ಯವನ್ನು ಮೂರು ವರ್ಷ ತಿದ್ದಿದ್ದಳು. ಹೆಸ್ಟರ್ ಅದಕ್ಕೂ ಉಪಾಯ ಮಾಡಿದಳು: ಆ ಒಂದು ಗಳಿಗೆಯಲ್ಲಿ ಮಾತ್ರ ಇಡೀ ಹಾಳೆಯನ್ನು ಒರೆಸು ಎಂಬ ಆಜ್ಞೆ. ಒಂದೇ ಸಲಕ್ಕಾದ್ದರಿಂದ ಚಿಪ್ಪಿಗೆ ಅದು ಲೆಕ್ಕಕ್ಕೇ ಬಾರದ ಕೆಲಸ. ಅದನ್ನು ಯಂತ್ರದ ಒಂದು ಗುಂಡಿಗೆ ಕಟ್ಟಿಟ್ಟು ಮನೆಗೆ ಹೋದಳು.

ಶುಕ್ರವಾರ ಬೆಳಗ್ಗೆ ಯಂತ್ರವನ್ನು ಕಾರ್ಮೆಲ್‌ಳ ಕೈಗೆ ಕೊಟ್ಟಳು. ಶೆಡ್ಡಿನ ಬಾಗಿಲು ತೆರೆದಿತ್ತು, ಜೆರ್ರಿ ಹೊಸ್ತಿಲವರೆಗೆ ಬಂದಿದ್ದ. ಕಾರ್ಮೆಲ್ ಗೇಮಿನ ದೋಣಿಯ ಹುಟ್ಟು ಹಾಕುತ್ತ ಹೋದಳು. ನಲವತ್ತು ನಿಮಿಷ ಶೆಡ್ಡಿನಲ್ಲಿ ಗೇಮಿನ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೊನೆಗೆ ಆ ತಿರುವು ಬಂತು. ಲಾಟೀನು ಆರಿತು. ಗೆರೆ ಸವೆಯಿತು, ಭುಜ ಸವೆಯಿತು, ಇಪ್ಪತ್ತನಾಲ್ಕಕ್ಕೆ ಬಂದು ನಿಂತಿತು.

"ಹೋಗ್ಲಿಲ್ವಲ್ಲ," ಎಂದಳು ಕಾರ್ಮೆಲ್.

"ಹೋಗಲ್ಲ. ಅದು ಈ ಹಾಳೆ ದೋಷ. ಬಲಗಡೆ ಗುಂಡಿ ಒತ್ತು, ಅಳಿಸಿಹೋಗುತ್ತೆ. ಆಗ ಹುಡುಗಿ ಮನೆಗೆ ಹೋಗ್ಬಹುದು, ನೀನು ಬರೆದಂಗೇ."

ಕಾರ್ಮೆಲ್ ಗುಂಡಿಯ ಮೇಲೆ ಬೆರಳಿಟ್ಟಳು. ಟೇವಿತಾ ಹಿಂದೆ ನಿಂತಿದ್ದ. ತೆರೆಯ ಮೇಲೆ ಆ ಮಸುಕು ಭುಜ ಸುಮ್ಮನೆ ಇತ್ತು, ಯಾರನ್ನೂ ಕರೆಯದೆ, ಎಲ್ಲಿಗೂ ಹೋಗದೆ. ನೋಡುತ್ತ ನೋಡುತ್ತ ಕಾರ್ಮೆಲ್‌ಳ ಮುಖ ತುಂಬ ಚಿಕ್ಕ ಹುಡುಗಿಯ ಮುಖವಾಯಿತು.

ಬೆರಳು ತೆಗೆದಳು. ಗುಂಡಿ ಒತ್ತದೆಯೇ ದೋಣಿಯನ್ನು ಮೆಲ್ಲಗೆ ತಿರುಗಿಸಿದಳು. ಹುಡುಗಿ ಹುಟ್ಟು ಹಾಕಿದಳು, ಒಂದು, ಎರಡು, ಮೂರು. ಕಲೆ ಅಲ್ಲೇ ಉಳಿದು ಹಿಂದೆ ಹಿಂದೆ ಸರಿಯಿತು, ಮನೆಯ ದೀಪ ಎದುರಿಗೆ ಬಂತು.

"ನಾನು ತಪ್ಪು ಬರೆದಿದ್ದೆ ಕಣೇ ಹೆಸ್ಟರ್," ಎಂದಳು. "ಅದು ಅಳಿಸಿಹೋದ್ರೇನೇ ಮನೆಗೆ ಹೋಗೋದು ಅಂತ. ಐವತ್ತು ವರ್ಷದಿಂದ ಅದು ಇರ್ತಾನೇ ಇದೆ, ನಾನು ಮನೆಗೆ ಹೋಗ್ತಾನೇ ಇದೀನಿ."

ಹೆಸ್ಟರ್ ಮೇಜಿಗೆ ಹೋಗಿ ಒರೆಸು ಎಂದಿದ್ದ ಆ ಸಾಲನ್ನು ತೆಗೆದುಹಾಕಿದಳು. ಟೇವಿತಾ ಮೂಗು ಒರೆಸಿಕೊಂಡು ಪರೀಕ್ಷೆಗೆ ಕಳಿಸುವ ಕಾಗದಪತ್ರ ತುಂಬಲು ಕೂತ.