ಹಾಕ್ಸ್‌ಬಿಯಲ್ಲಿ ಹಾಕ್ಸ್‌ಬಿಗಳಿಲ್ಲ

ಜರ್ಮನಿಯ ಶ್ವೀಬರ್ಡಿಂಗೆನ್‌ನಲ್ಲಿ ಬಾಡಿಗೆಗಿದ್ದವರು ತಮ್ಮ ಸರದಿಯ ವಾರ ಮೆಟ್ಟಿಲು ಗುಡಿಸಲೇಬೇಕು. ಅದಕ್ಕೆ ಕೇರ್‌ವೋಖೆ ಎಂದು ಹೆಸರು. ಜರ್ಮನ್ ಸರಕಾರ ಕೊಟ್ಟ ಗ್ರೀನ್ ಕಾರ್ಡ್ ಮೇಲೆ ಬಂದ ಇಂಜಿನಿಯರ್ ಆದರೇನು, ಗದಗಿನ ಮನೆಯಲ್ಲಿ ಕಸಬರಿಗೆ ಮುಟ್ಟದ ಹಿರಿಮಗನಾದರೇನು, ಬಿಡುವ ಹಾಗಿಲ್ಲ. ಮಲ್ಲಿಕಾರ್ಜುನ ಹಿರೇಕೊಪ್ಪ ಗುಡಿಸುತ್ತಿದ್ದಾಗ ಮನೆಯೊಡತಿ ಫ್ರಾವ್ ಕ್ನಾಪ್ ಬಂದು ನಿಂತರು. ಎಂದಿನಂತೆ ಮೂಲೆಯ ಧೂಳನ್ನು ಬೆರಳು ಮಾಡಿ ತೋರಿಸಲಿಲ್ಲ. ಅವನಿಗೆ ಅದೇ ಗಾಬರಿ.

"ನಿಮಗೆ ಇಂಗ್ಲಿಷ್ ಬರುತ್ತದಲ್ಲ. ಇಂಗ್ಲೆಂಡಿನಲ್ಲಿ ನನ್ನ ಅಪ್ಪನನ್ನು ಹುಡುಕಿಕೊಡುತ್ತೀರಾ?"

ಸಂಗತಿ ಇಷ್ಟೇ. ಎರಡನೆಯ ಮಹಾಯುದ್ಧ ಮುಗಿದಾಗ ಉತ್ತರ ಜರ್ಮನಿಯಲ್ಲಿ ಠಾಣ್ಯ ಹೂಡಿದ್ದ ಇಂಗ್ಲಿಷ್ ಸಿಪಾಯಿ ಆರ್ಥರ್ ಹಾಕ್ಸ್‌ಬಿ ಆಕೆಯ ಅಪ್ಪ. ಅವನು ಊರಿಗೆ ಮರಳಿದ ಮೇಲೆ ಈಕೆ ಹುಟ್ಟಿದ್ದು. ತಾಯಿ ಇಷ್ಟನ್ನು ಬಿಟ್ಟು ಬೇರೇನೂ ಹೇಳದೆ ಕಳೆದ ಚಳಿಗಾಲ ತೀರಿಕೊಂಡಿದ್ದಳು.

"ಆಸ್ತಿ ಬೇಡ, ಫೋಟೋ ಕೂಡ ಬೇಡ. ನಾನು ಹುಟ್ಟುತ್ತೇನೆಂದು ಅವನಿಗೆ ಗೊತ್ತಿತ್ತೇ? ಅಷ್ಟು ತಿಳಿದರೆ ಸಾಕು."

ಮೊಮ್ಮಕ್ಕಳನ್ನು ಕಂಡ ಹೆಂಗಸು ಕೇಳುತ್ತಿದ್ದ ಮಾತು ಇದು. ಮಲ್ಲಿಕಾರ್ಜುನ ಕಸಬರಿಗೆಯನ್ನು ಗೋಡೆಗೆ ಒರಗಿಸಿ ಹೂಂ ಎಂದ.

ಇಂಟರ್ನೆಟ್ಟಿನಲ್ಲಿ ನೋಡಿದರೆ ಹಾಕ್ಸ್‌ಬಿ ಎಂಬ ಹಳ್ಳಿಯೇ ಸಿಕ್ಕಿಬಿಟ್ಟಿತು! ಹುಬ್ಬಳ್ಳಿ, ಬಾಗಲಕೋಟಿ, ಮುಧೋಳ ಎಂದು ಊರ ಹೆಸರನ್ನೇ ಅಡ್ಡಹೆಸರು ಮಾಡಿಕೊಳ್ಳುವ ಸೀಮೆಯವನಿಗೆ ಇನ್ನೇನು ಬೇಕು? "ನಿಮ್ಮಪ್ಪನ ಊರು ಸಿಕ್ಕಿತು!" ಎಂದು ಸಾರಿ, ಅಲ್ಲಿನ ಚರ್ಚಿನ ಪಾದ್ರಿಗೆ ಕಾಗದ ಬರೆದ. ಫ್ರಾವ್ ಕ್ನಾಪ್ ಹೊಸ ಸೂಟ್‌ಕೇಸ್ ಕೊಂಡರು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಆ ಆತುರ ಅಂಟುಜಾಡ್ಯವೂ ಹೌದು.

ಪಾದ್ರಿ ಒಳ್ಳೆಯವರು. ಸಮಾಧಿಕಲ್ಲುಗಳನ್ನೆಲ್ಲ ಓದಿ ಬಂದು ಉತ್ತರಿಸಿದ್ದರು. ಆ ಹೆಸರಿನವರು ಆ ಹಳ್ಳಿಯಲ್ಲಿ ಈಗ ಇಲ್ಲ, ಮಣ್ಣಾದವರೂ ಇಲ್ಲ. ಫ್ರಾವ್ ಕ್ನಾಪ್ ಸೂಟ್‌ಕೇಸನ್ನು ನೆಲಮಾಳಿಗೆಗೆ ಇಳಿಸಿದರು. ಬೈದಿದ್ದರೆ ವಾಸಿಯಿತ್ತು.

ಮಲ್ಲಿಕಾರ್ಜುನ ಮುಖ ಸಣ್ಣದು ಮಾಡಿಕೊಂಡು ಗದಗಿನಲ್ಲಿದ್ದ ಕಾಕಾ ಚನ್ನಮಲ್ಲಪ್ಪನಿಗೆ ಫೋನ್ ಹಚ್ಚಿದ.

"ಕಾಕಾ, ಹಿರೇಕೊಪ್ಪದಾಗ ಹಿರೇಕೊಪ್ಪ ಅಂತ ಅಡ್ಡಹೆಸರಿನವ್ರು ಎಷ್ಟ ಮನಿ ಅದಾವ?"

"ಒಂದೂ ಇಲ್ಲೋ ಮಾರಾಯಾ! ಊರಾಗ ಇದ್ದಾವ್ರಿಗೆ ಊರ ಹೆಸರ ಯಾಕ ಬೇಕ? ನಮ್ಮಜ್ಜ ಊರ ಬಿಟ್ಟ ಗದಗಿಗೆ ಬಂದ. ಇಲ್ಲಿ ಮಂದಿ 'ಹಿರೇಕೊಪ್ಪದಾಂವ ಬಂದ, ಹಿರೇಕೊಪ್ಪದಾಂವ ಹೋದ' ಅಂದ್ರು. ಅದ ಹೆಸರಾತು. ಇಂಜಿನಿಯರ್ ಆಗಿ ಇಷ್ಟೂ ತಿಳೀಲಿಲ್ಲೇನ ನಿನಗ?"

ಅವನು ಹಣೆ ಚಚ್ಚಿಕೊಂಡ. ಮತ್ತೆ ನಕ್ಷೆ ಹರಡಿ, ಹಾಕ್ಸ್‌ಬಿ ಬಿಟ್ಟವನೊಬ್ಬ ಹೊಟ್ಟೆಪಾಡಿಗೆ ಹೋಗಬಹುದಾದ ಸುತ್ತಲಿನ ಸಂತೆಯೂರುಗಳನ್ನು ಹುಡುಕಿದ. ಅಲ್ಲಿನ ಚರ್ಚುಗಳಿಗೆಲ್ಲ ಬರೆದು, ಕೆಳಗೆ ಫ್ರಾವ್ ಕ್ನಾಪ್‌ರ ಫೋನ್ ನಂಬರ್ ಕೊಟ್ಟ. ಒಂದು ಊರಿನ ಪಾದ್ರಿ ಪ್ರಾರ್ಥನೆ ಮುಗಿದ ಮೇಲೆ ಅದನ್ನು ಎಲ್ಲರೆದುರು ಓದಿದರಂತೆ.

ಒಂದು ಸಂಜೆ ಫ್ರಾವ್ ಕ್ನಾಪ್ ಕೆಳಗಿನಿಂದ ಕೂಗಿದರು. ಮಲ್ಲಿಕಾರ್ಜುನ ಮೆಟ್ಟಿಲಿಳಿದು ಓಡಿ ರಿಸೀವರ್ ಇಸಿದುಕೊಂಡ. ಆ ಕಡೆ ಇದ್ದವಳು ಎಡಿತ್, ಆರ್ಥರನ ತಂಗಿ. ಅಣ್ಣ ತೀರಿಕೊಂಡು ವರ್ಷಗಳಾದವು ಎಂದಳು. ಅದನ್ನು ಅವನು ಫ್ರಾವ್ ಕ್ನಾಪ್‌ಗೆ ಜರ್ಮನ್ನಿನಲ್ಲಿ ಹೇಳಿದ. ಅವರು ತಲೆಯಾಡಿಸಿ, ಆ ಪ್ರಶ್ನೆ ಕೇಳಿ ಎಂದು ಕೈಸನ್ನೆ ಮಾಡಿದರು.

ಮಗು ಹುಟ್ಟುತ್ತದೆಂದು ಆರ್ಥರನಿಗೆ ಗೊತ್ತಿತ್ತೇ ಎಂದು ಕೇಳಿದ. ಎಡಿತ್ ಅಂದಳು.

"ಇಲ್ಲ. ನನ್ನ ಹತ್ತಿರ ಅವನು ಏನನ್ನೂ ಮುಚ್ಚಿಡುತ್ತಿರಲಿಲ್ಲ. ಜರ್ಮನಿಯ ಆ ಹುಡುಗಿಗೆ ಕಾಗದ ಬರೆದಿದ್ದ, ಉತ್ತರ ಬರಲಿಲ್ಲ. ಮಗುವಿನ ವಿಷಯ ಅವನಿಗೆ ಗೊತ್ತೇ ಇರಲಿಲ್ಲ."

ಮಲ್ಲಿಕಾರ್ಜುನ ರಿಸೀವರಿಗೆ ಅಂಗೈ ಮುಚ್ಚಿದ. ಇಷ್ಟು ಆಸೆಯಿಂದ ಕಾದವರಿಗೆ ಇದನ್ನು ಹೇಗೆ ಹೇಳುವುದು? ಗೊತ್ತಿತ್ತಂತೆ, ಕೊನೆಯವರೆಗೂ ನೆನೆಯುತ್ತಿದ್ದನಂತೆ ಎಂದು ಬಿಡಲೇ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ನಾಡಿನವನು. ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಒಮ್ಮೆ ಆತುರಪಟ್ಟು ಆಕೆಯನ್ನು ನೋಯಿಸಿದ್ದು ಸಾಕೆನಿಸಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಫ್ರಾವ್ ಕ್ನಾಪ್ ಕುರ್ಚಿಯಲ್ಲಿ ಕುಸಿದರು. ಕ್ಷಮೆ ಕೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಅವರು ಅಳುತ್ತಳುತ್ತಲೇ ನಕ್ಕರು.

"ತಿಳಿದೂ ತಿಳಿದೂ ಹೋದನೆಂದು ಜನ್ಮವೆಲ್ಲ ಬೈದುಕೊಂಡೆನಲ್ಲ! ಅವನು ನನ್ನನ್ನು ಬಿಟ್ಟು ಹೋಗಿಯೇ ಇಲ್ಲ."

ಆ ಕಡೆ ಎಡಿತ್ ಹಲೋ, ಹಲೋ ಎನ್ನುತ್ತಿದ್ದಳು. ಮಲ್ಲಿಕಾರ್ಜುನ ರಿಸೀವರನ್ನು ಕಿವಿಗೆ ಹಿಡಿದು ಆ ಮಾತನ್ನು ಇಂಗ್ಲಿಷಿನಲ್ಲಿ ಹೇಳತೊಡಗಿದ.