ರೇಡಿಯೇಟರಿಗೆ ಬಿಗಿದ ತಂತಿ

ಮಲ್ಲಯ್ಯನವರ ಪಿಕಪ್ ಗಾಡಿಯ ಹೊಸ ರೇಡಿಯೇಟರೂ ಸೋರುತ್ತಿದೆ ಎಂದು ಕೇಳಿ ಅದರ ಹಳೆಯ ಡ್ರೈವರ್ ದಸ್ತಗಿರಿಗೆ ಹೊಟ್ಟೆ ತಣ್ಣಗಾಯಿತು. ಸಂಕ್ರಾಂತಿಯಲ್ಲಿ ಹಳೆಯದು ತೂತಾದಾಗ ಆದವಾನಿಯ ಹತ್ತಿ ಮಾರ್ಕೆಟ್ಟಿನಲ್ಲಿ, ಹಮಾಲರೆಲ್ಲರ ಎದುರಿಗೆ, "ಎಂಜಿನ್ ತಂಪಿಗೆ ಕೊಡ್ಸಿದ ಕೂಲಂಟ್ ಮಾರಿಕೊಂಡು ಉಪ್ಪು ಬೋರ್ ನೀರು ಸುರಿದಾನ" ಎಂದು ಬೈದು ಮಲ್ಲಯ್ಯ ಅವನ ಕೈಯಿಂದ ಕೀಲಿ ಕಿತ್ತುಕೊಂಡಿದ್ದರು. ಆಮೇಲೆ ಯಾರೂ ಅವನಿಗೆ ಗಾಡಿ ಕೊಡಲಿಲ್ಲ. ದೂರದ ಹೊಳಗುಂದದವರೆಗೂ ಜನರ ಬಾಯಲ್ಲಿ ಅವನು ಬೋರ್ ನೀರಿನ ದಸ್ತಗಿರಿಯಾದ.

ನೆಟ್ಟಗೆ ಮೆಕ್ಯಾನಿಕ್ ಸೂರಿಯ ಅಂಗಡಿಗೆ ಹೋದ. ಗಾಡಿ ಅಲ್ಲೇ ಇತ್ತು, ಮಲ್ಲಯ್ಯನವರೂ ಇದ್ದರು. ಸೂರಿ ಕರೆಂಟು ನೋಡುವ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ ಹಚ್ಚಿ, ಇನ್ನೊಂದನ್ನು ರೇಡಿಯೇಟರಿನ ಬಾಯೊಳಗೆ ಕೂಲಂಟಿನಲ್ಲಿ ಅದ್ದಿದ. ಮೀಟರು ಸುಮ್ಮನಿತ್ತು.

"ಈಗ ದೇವರ ಲೈಟ್ ಹಾಕ್ರಿ."

ಮುಂದಿನ ಜಾಲರಿಯಲ್ಲಿ ಈರಣ್ಣಸ್ವಾಮಿ ಫೋಟೋದ ಸುತ್ತ ಸೀರಿಯಲ್ ಲೈಟು ಮಿನುಗಿದ್ದೇ ತಡ, ಅಂಕಿ ಜಿಗಿಯಿತು.

"ಲೈಟಿನ ಅರ್ತ್ ತಂತಿ ರೇಡಿಯೇಟರಿಗೆ ಬಿಗಿದಾರ. ಕರೆಂಟು ಕೂಲಂಟಿನಾಗ ಹಾದು ರೇಡಿಯೇಟರಿನ ಅಲ್ಯೂಮಿನಿಯಂ ತಿಂತೈತಿ. ಹಳೇದನ್ನೂ ಇದಾ ತಿಂದಿದ್ದು. ಸೀದಾ ಬ್ಯಾಟರಿಗೆ ಎಳೀಬೇಕಿತ್ತು. ಯಾವ ಮಹಾನುಭಾವ ಕಟ್ಟಿದ್ದು?"

ಮಲ್ಲಯ್ಯ ಲೈಟು ಆರಿಸಿದರು. ಸಂಕ್ರಾಂತಿಗೂ ಮೊದಲೇ, ಆಯುಧಪೂಜೆಯ ದಿನ ಅದನ್ನು ಕಟ್ಟಿದವನು ಅವರ ಹೆಂಡತಿಯ ತಮ್ಮ ವಾಗೀಶ.

"ಆತು ಬಿಡು ದಸ್ತಗಿರಿ, ನಾಳಿಂದ ಗಾಡಿ ಹತ್ತು" ಎಂದರು.

"ಹತ್ತೀನಿ ಸಾವ್ಕಾರ್ರ. ಮೊದ್ಲು ಅದಾ ಹಮಾಲರ ಮುಂದ, ತಪ್ಪು ತಂತೀದು ಅಂತ ಹೇಳ್ರಿ."

"ಯಾರು ಕಟ್ಟಿದ್ರು ಅಂತ ಕೇಳ್ತಾರಲೊ. ಹೆಂಡ್ತಿ ತಮ್ಮನ್ನ ನಾಕು ಮಂದ್ಯಾಗ ಹೆಂಗ್ ಇಳಸ್ಲಿ? ಮನ್ಯಾಗ ಕೂಳು ಹುಟ್ಟಂಗಿಲ್ಲ ನನಗ."

"ನನ್ನ ಮನ್ಯಾಗ ಸಂಕ್ರಾಂತಿಯಿಂದ ಹುಟ್ಟಿಲ್ಲ."

"ನೀ ನಮ್ಮವ. ಹೊಟ್ಟ್ಯಾಗ ಹಾಕ್ಕೊ."

"ವಾಗೀಶಪ್ಪ ನಿಮ್ಮವ. ನಾ ಡ್ರೈವರ್."

ಸೂರಿ ತಂತಿ ಬಿಚ್ಚಿ ಬ್ಯಾಟರಿಗೆ ಎಳೆದ. ತೂತು ಮುಚ್ಚಿ, ಕೆಟ್ಟ ಕೂಲಂಟ್ ಚೆಲ್ಲಿ ಹೊಸದು ತುಂಬಿದ. ಲೈಟು ಹಾಕಿದರೂ ಈಗ ಮೀಟರು ಜಿಗಿಯಲಿಲ್ಲ. ಮಲ್ಲಯ್ಯ ಕೀಲಿ ಚಾಚಿದರು. ದಸ್ತಗಿರಿ ಕೈ ಚಾಚಲಿಲ್ಲ.

"ಮಾರ್ಕೆಟ್ಟಿಗೆ ನಡೀರಿ. ಅಲ್ಲೇ ಇಸ್ಕೊಂತೀನಿ."

ಮಲ್ಲಯ್ಯ ತಾವೇ ಗಾಡಿ ಹತ್ತಿ ಹೋದರು.

ಸಂಜೆ ಜಿನ್ನಿಂಗ್ ಮಿಲ್ಲಿನಿಂದ ಬಂದ ಹೆಂಡತಿ ಉರುಕುಂದಮ್ಮ, ಮೈಗಂಟಿದ ಹತ್ತಿ ಕೊಡವದೆ ಬಾಗಿಲಲ್ಲೇ ನಿಂತಳು.

"ಕರೆದು ಕೆಲಸ ಕೊಟ್ರೂ ಬರಲಿಲ್ಲ, ಕಳ್ಳಗ ಸೊಕ್ಕು ನೋಡ್ರಿ ಅಂತ ಸಾವ್ಕಾರ ಮಾರ್ಕೆಟ್ಟೆಲ್ಲ ಹೇಳ್ಯಾನ. ಖರೇನ?"

ದಸ್ತಗಿರಿ ಮೀಟರಿನ ಮಾತು ಹೇಳಿದ. ಆಕೆ ಕೊನೆಯವರೆಗೂ ಕೇಳಿದಳು.

"ಮಾರ್ಕೆಟ್ಟಿನ ಮಂದಿ ಮೀಟರ್ ನೋಡ್ಯಾರೇನು?" ಎಂದಳು. "ಕೀಲಿ ಇಸ್ಕೊಬೇಕಿತ್ತು."